ರಜೆಯಲ್ಲೂ ಹಾಸ್ಟೆಲ್ಲಾ? ಯೂತ್ ಹಾಸ್ಟೆಲ್, ಬ್ಯಾಕ್‌ಪ್ಯಾಕರ್ ಹಾಸ್ಟೆಲ್, ಹೋಮ್‌ಸ್ಟೇ, ಛತ್ರ: ಯಾರಿಗೆ ಯಾವುದು

"ಮಾವ, ಗೋಕರ್ಣದಲ್ಲಿ ಹಾಸ್ಟೆಲ್ ಬುಕ್ ಮಾಡಿದೀನಿ" ಅಂತ ಅಕ್ಕನ ಮಗಳು ಫೋನಿನಲ್ಲಿ ಹೇಳುತ್ತಿದ್ದಾಗ ಹಿಂದಿನಿಂದ ಅಕ್ಕನ ದನಿ ಕೇಳಿಸಿತು: "ನಾಲ್ಕು ವರ್ಷ ಹಾಸ್ಟೆಲ್ ಊಟ ಮಾಡಿದ್ದು ಸಾಲಲಿಲ್ವಂತಾ ಕೇಳೋ. ರಜೆಯಲ್ಲೂ ಹಾಸ್ಟೆಲ್ಲಾ?"

ಅಕ್ಕನದೇನೂ ತಪ್ಪಿಲ್ಲ. ನಮ್ಮಲ್ಲಿ ಹಾಸ್ಟೆಲ್ ಅಂದರೆ ವಿದ್ಯಾರ್ಥಿನಿಲಯ. ಬಿಸಿಎಂ ಹಾಸ್ಟೆಲ್, ಸಮುದಾಯದ ಸಂಘದ ಹಾಸ್ಟೆಲ್, ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್. ತಿಳಿಸಾರು, ವಾರ್ಡನ್ನು, ರಾತ್ರಿ ಬಂದ್ ಆಗುವ ಗೇಟು. ಊರು ನೋಡಲು ಹೋದವರು ತಂಗುವ ಹಾಸ್ಟೆಲ್ ಬೇರೆ ಅಂದರೆ "ಹಾಗಾದ್ರೆ ಲಾಡ್ಜ್ ಅನ್ನು, ಸುಮ್ನೆ ಯಾಕೆ ಸುತ್ತಿ ಬಳಸಿ ಹೇಳ್ತೀಯ" ಅನ್ನುತ್ತಾರೆ. ಅದು ಲಾಡ್ಜೂ ಅಲ್ಲ. ಲಾಡ್ಜಿನಲ್ಲಿ ನೀವು ಕೊಳ್ಳುವುದು ರೂಮು, ಹಾಸ್ಟೆಲಿನಲ್ಲಿ ಕೊಳ್ಳುವುದು ಒಂದು ಮಂಚ. ಉಳಿದ ಮಂಚಗಳ ಮೇಲೆ ಯಾರು ಮಲಗುತ್ತಾರೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ.

ಇಂಥ ಮಂಚಗಳ ಮೇಲೆ ನಾನು ಇಪ್ಪತ್ತು ವರ್ಷಗಳಿಂದ ಮಲಗಿ ಎದ್ದಿದ್ದೇನೆ. ಹಿಮಾಲಯದ ಬೇಸ್ ಕ್ಯಾಂಪ್, ಸರ್ಕಾರ ಕಟ್ಟಿಸಿದ ಯೂತ್ ಹಾಸ್ಟೆಲ್, ಗೋಡೆ ತುಂಬ ಚಿತ್ರ ಬರೆಸಿಕೊಂಡ ಖಾಸಗಿ ಹಾಸ್ಟೆಲ್, ಕ್ಷೇತ್ರಗಳ ಛತ್ರ, ಯಾವುದನ್ನೂ ಬಿಟ್ಟಿಲ್ಲ. ಹಾಗಾಗಿ ಮನೆಯಲ್ಲಿ ಯಾರು ಪ್ರವಾಸ ಹೊರಟರೂ ನನಗೊಂದು ಫೋನ್ ಬರುತ್ತದೆ. ಎಲ್ಲರೂ ಮೊದಲು ಕೇಳುವುದು ರೇಟು. ನಾನು ಮೊದಲು ನೋಡುವುದು ಬೇರೆ: ಈ ಜಾಗವನ್ನು ಕಟ್ಟಿದವರು ಯಾರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕಟ್ಟಿದರು? ಬಣ್ಣ ಬದಲಾಗಬಹುದು, ಹೆಸರು ಬದಲಾಗಬಹುದು, ಆ ಮೂಲ ಮಾತ್ರ ಕಟ್ಟಡದಿಂದ ಸುಲಭಕ್ಕೆ ಹೋಗುವುದಿಲ್ಲ. ಅದಕ್ಕೇ ಆರಿಸಿಕೊಳ್ಳುವ ಮೊದಲು ಸ್ವಲ್ಪ ಹಳೆಯ ಕತೆ ಹೇಳಬೇಕು.

ಮಳೆಗೆ ಸಿಕ್ಕ ಮೇಷ್ಟ್ರು

ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ ಆಲ್ಟೆನಾ ಅಂತ ಒಂದು ಊರು. ಬೆಟ್ಟಗಳ ನಡುವಿನ ಕಣಿವೆ, ತಂತಿ ಎಳೆಯುವ ಕಾರ್ಖಾನೆಗಳ ಹೊಗೆ. ಅಲ್ಲಿ ರಿಚರ್ಡ್ ಶಿರ್ಮಾನ್ ಎಂಬ ಶಾಲಾ ಮೇಷ್ಟ್ರು. ಕಾರ್ಮಿಕರ ಮಕ್ಕಳನ್ನು ನಾಲ್ಕು ಗೋಡೆಯೊಳಗೆ ಕೂರಿಸಿ ಪಾಠ ಹೇಳುವುದಕ್ಕಿಂತ ಕಾಡುಮೇಡು ಸುತ್ತಿಸುತ್ತ ಕಲಿಸುವುದೇ ಆತನಿಗೆ ಇಷ್ಟ. 1909ರ ಆಗಸ್ಟಿನಲ್ಲಿ ಹುಡುಗರನ್ನು ಕಟ್ಟಿಕೊಂಡು ಆಖೆನ್ ಕಡೆಗೆ ಎಂಟು ದಿನಗಳ ಕಾಲ್ನಡಿಗೆ ಹೊರಟರು. 26ನೇ ತಾರೀಖು ಬ್ರೋಲ್ ಎಂಬ ಕಣಿವೆಯಲ್ಲಿ ಗುಡುಗು ಮಳೆ ಹಿಡಿಯಿತು. ರಾತ್ರಿಗೆ ಜಾಗವಿಲ್ಲ. ಕೊನೆಗೆ ಅಲ್ಲಿನ ಹಳ್ಳಿಶಾಲೆಯ ಕೋಣೆ ಸಿಕ್ಕಿತು. ಬೆಂಚು ಸರಿಸಿ, ರೈತನೊಬ್ಬನಿಂದ ತಂದ ಹುಲ್ಲು ಹಾಸಿ, ಹಾಲು ಕುಡಿಸಿ ಹುಡುಗರನ್ನು ಮಲಗಿಸಿದರು. ಮೇಷ್ಟ್ರಿಗೆ ನಿದ್ದೆ ಬರಲಿಲ್ಲ. ಹೊರಗೆ ಸಿಡಿಲು ಹೊಡೆಯುತ್ತಿರುವಾಗ ಆತನ ತಲೆಯಲ್ಲಿ ಓಡಿದ ಲೆಕ್ಕ ಇಷ್ಟೇ: ಪ್ರತಿ ಊರಿನಲ್ಲೂ ಶಾಲೆ ಇದೆ, ರಜೆಯಲ್ಲಿ ಅದು ಖಾಲಿ ಬಿದ್ದಿರುತ್ತದೆ. ಒಂದು ದಿನದ ನಡಿಗೆಯಷ್ಟು ದೂರಕ್ಕೆ ಒಂದೊಂದರಂತೆ ಎರಡು ಕೋಣೆ ಬಿಟ್ಟುಕೊಟ್ಟರೆ ದೇಶದ ಮಕ್ಕಳೆಲ್ಲ ನಡೆಯಬಹುದಲ್ಲ?

ಶಾಲೆಯ ಕಟ್ಟೆಯ ಮೇಲೆ ಮಲಗಿ ಬೆಳಗು ಮಾಡಿದ ನಮ್ಮೂರ ಹಿರಿಯರಿಗೆ ಇದೇನೂ ಹೊಸದಲ್ಲ. ಧರ್ಮಸ್ಥಳಕ್ಕೋ ಶಬರಿಮಲೆಗೋ ನಡೆದುಹೋಗುವವರು ಈಗಲೂ ಸರ್ಕಾರಿ ಶಾಲೆಯ ಜಗುಲಿಯಲ್ಲಿ ಮಲಗುತ್ತಾರೆ. ಆದರೆ ಮೇಷ್ಟ್ರು ಅದನ್ನು ಅಲ್ಲಿಗೇ ಬಿಡಲಿಲ್ಲ. ಮೊದಲು ಆಲ್ಟೆನಾದ ತನ್ನ ಶಾಲೆಯನ್ನೇ ರಜೆಯಲ್ಲಿ ತೆರೆದರು. ಆಮೇಲೆ, ಮೊದಲ ಮಹಾಯುದ್ಧಕ್ಕೂ ಮುಂಚೆಯೇ, ಊರ ಗುಡ್ಡದ ಮೇಲಿನ ಹಳೆಯ ಕೋಟೆಯಲ್ಲಿ ಕಾಯಂ ಹಾಸ್ಟೆಲ್ ಆಯಿತು. ಜಗತ್ತಿನ ಮೊದಲ ಕಾಯಂ ಯೂತ್ ಹಾಸ್ಟೆಲ್ ಅದೇ. ಆ ಹಳೆಯ ಮಲಗುವ ಕೋಣೆಗಳನ್ನು ಈಗ ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ. ಅದರ ಚಿತ್ರ ನೋಡಿದರೆ ಒರಟು ಮರದ ಮಂಚಗಳು, ಒಂದರ ಮೇಲೊಂದು ಮೂರು. ನಮ್ಮ ಸ್ಲೀಪರ್ ಬೋಗಿಯ ಬರ್ತುಗಳನ್ನು ಬಡಗಿಯೊಬ್ಬ ನೆನಪಿನಿಂದ ಮಾಡಿದಂತಿದೆ.

ಶಿರ್ಮಾನ್ ಕನಸು ಕಾಣುವ ಆಸಾಮಿ. ಹಣ, ಕಾಗದಪತ್ರ, ಸಂಘಟನೆ ನೋಡಿಕೊಂಡದ್ದು ವಿಲ್ಹೆಲ್ಮ್ ಮ್ಯುಂಕರ್ ಎಂಬ ಕಾರ್ಖಾನೆಯ ಒಡೆಯ. ಇಬ್ಬರೂ ಸೇರಿದ ಮೇಲೆ ಕೆಲಸ ಓಡಿತು. 1930ರ ದಶಕದ ಆರಂಭಕ್ಕೆ ಜರ್ಮನಿಯೊಂದರಲ್ಲೇ ಎರಡು ಸಾವಿರಕ್ಕೂ ಹೆಚ್ಚು ಹಾಸ್ಟೆಲ್‌ಗಳಿದ್ದವು. 1932ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೊಂದು ಸಂಘಗಳು ಸೇರಿ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿಕೊಂಡವು, ಮೇಷ್ಟ್ರೇ ಅಧ್ಯಕ್ಷರು. ಮರುವರ್ಷವೇ ಹಿಟ್ಲರ್ ಬಂದ. ಹಾಸ್ಟೆಲ್‌ಗಳೆಲ್ಲ ಹಿಟ್ಲರ್ ಯುವಪಡೆಯ ಕೈಗೆ ಹೋದವು, ಕೆಲ ವರ್ಷಗಳಲ್ಲೇ ಮೇಷ್ಟ್ರನ್ನು ಅಂತರರಾಷ್ಟ್ರೀಯ ಅಧ್ಯಕ್ಷಗಿರಿಯಿಂದಲೂ ಇಳಿಸಿದರು. ದೊಡ್ಡ ಹಾಲಿನಲ್ಲಿ ಸಾಲು ಮಂಚ, ಗಂಟೆ ಹೊಡೆದರೆ ಏಳುವುದು, ಒಟ್ಟಿಗೆ ಹಾಡುವುದು ಇದೆಯಲ್ಲ, ಅದೇ ಸಾಮಾನು ಮಕ್ಕಳಿಗೆ ಕಾಡು ತೋರಿಸುವುದಕ್ಕೂ ಬರುತ್ತದೆ, ಕವಾಯತು ಮಾಡಿಸುವುದಕ್ಕೂ ಬರುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮೇಷ್ಟ್ರು ಮತ್ತೆ ಮೊದಲಿನಿಂದ ಕಟ್ಟಬೇಕಾಯಿತು.

ಪೊರಕೆ ಹಿಡಿದ ಅತಿಥಿ

ಇಂಗ್ಲೆಂಡಿಗೆ ಇದು ಹೋದದ್ದು 1930ರಲ್ಲಿ. ರಾತ್ರಿಗೆ ಒಂದು ಶಿಲಿಂಗ್. ಕಾರ್ಖಾನೆ ಊರುಗಳ ಹುಡುಗ ಹುಡುಗಿಯರು ವಾರದ ಕೊನೆಗೆ ಬೆಟ್ಟ ಹತ್ತಲು ಅಷ್ಟು ಸಾಕಿತ್ತು. ನಿಯಮಗಳು ಮಾತ್ರ ಅಜ್ಜಿಮನೆಗಿಂತ ಬಿಗಿ. ನಡೆದು ಬರಬೇಕು ಇಲ್ಲವೇ ಸೈಕಲ್ಲಿನಲ್ಲಿ ಬರಬೇಕು, ಕಾರಿನಲ್ಲಿ ಬಂದವರಿಗೆ ದಶಕಗಟ್ಟಲೆ ಬಾಗಿಲು ತೆರೆಯುತ್ತಿರಲಿಲ್ಲ. ಗಂಡಸರಿಗೆ ಮಲಗಲು ಒಂದು ಹಾಲ್, ಹೆಂಗಸರಿಗೆ ಇನ್ನೊಂದು. ಚೀಲದಂತೆ ಹೊಲಿದ ಹೊದಿಕೆ ತರಬೇಕು. ಹಗಲಿಗೆ ಬೀಗ. ಬೆಳಿಗ್ಗೆ ಹೊರಡುವ ಮೊದಲು ವಾರ್ಡನ್ ಒಂದು ಕೆಲಸ ಹೇಳುತ್ತಾನೆ: ಮೆಟ್ಟಿಲು ಗುಡಿಸು, ಆಲೂಗಡ್ಡೆ ಸುಲಿ, ಸೌದೆ ತಾ. ಅದಾದ ಮೇಲೇ ಸದಸ್ಯತ್ವದ ಕಾರ್ಡು ವಾಪಸ್ಸು.

ಈ ಪೊರಕೆಯ ಕತೆಯನ್ನು ಸುಮ್ಮನೆ ಹೇಳಲಿಲ್ಲ. ಅದರಲ್ಲಿ ಒಂದು ಒಪ್ಪಂದವಿತ್ತು: ನೀನು ಗಿರಾಕಿಯಲ್ಲ, ಸದಸ್ಯ, ರೇಟು ಕಡಿಮೆ, ಅದಕ್ಕೆ ನಿನ್ನ ಕೈಯೂ ಸೇರಬೇಕು. ವಿಮಾನದ ಟಿಕೆಟ್ ಅಗ್ಗವಾಗಿ ಬೆನ್ನಿಗೆ ಚೀಲ ಹಾಕಿಕೊಂಡವರು ದೇಶ ದೇಶ ತಿರುಗತೊಡಗಿದ ಮೇಲೆ ಆ ಒಪ್ಪಂದ ಸಡಿಲವಾಯಿತು. ರಾತ್ರಿ ಎರಡಕ್ಕೆ ಬಂದಿಳಿಯುವವನಿಗೆ ಹತ್ತು ಗಂಟೆಯ ಗೇಟು ಏನು ಪ್ರಯೋಜನ? ಖಾಸಗಿಯವರು ಗೇಟು ಕಿತ್ತು, ಪೊರಕೆ ಕಸಿದುಕೊಂಡು, ಬದಲಿಗೆ ಒಂದು ಬಾರ್ ಇಟ್ಟರು. ಹಳೆಯ ಸಂಘಗಳೂ ನಿಧಾನಕ್ಕೆ ಬಾಗಿದವು. ಹತ್ತು ಮಂಚದ ಹಾಲ್ ನಾಲ್ಕು ಮಂಚದ ಕೋಣೆಯಾಯಿತು, ಕೋಣೆಗೆ ಸ್ನಾನದ ಮನೆ ಸೇರಿತು, ಕುಟುಂಬಕ್ಕೆ ಬೇರೆ ರೂಮು ಬಂತು. ಹಲವೆಡೆ ಹೆಸರಿನಿಂದ "ಯೂತ್" ಅನ್ನುವುದೇ ಉದುರಿಹೋಗಿ ಒಕ್ಕೂಟ ಈಗ ಹಾಸ್ಟೆಲಿಂಗ್ ಇಂಟರ್‌ನ್ಯಾಷನಲ್. ಬಾಗಿಲ ಮೇಲಿನ ನೀಲಿ ತ್ರಿಕೋನ, ಅದರೊಳಗಿನ ಗುಡಿಸಲು ಮತ್ತು ಮರ ಮಾತ್ರ ಉಳಿದಿವೆ.

ಬಾಗಿದ್ದೂ ಎಲ್ಲ ಕಡೆ ಸಾಕಾಗಲಿಲ್ಲ. ಕೋವಿಡ್ ಆದ ಮೇಲೆ ನ್ಯೂಜಿಲೆಂಡಿನ ಸಂಘ 2021ರ ಡಿಸೆಂಬರಿನಲ್ಲಿ ತಾನೇ ನಡೆಸುತ್ತಿದ್ದ 11 ಹಾಸ್ಟೆಲ್‌ಗಳನ್ನು ಮುಚ್ಚಿತು. ಇಂಗ್ಲೆಂಡ್ ಮತ್ತು ವೇಲ್ಸಿನ ಸಂಘ 2023ರಲ್ಲಿ 20 ಹಾಸ್ಟೆಲ್‌ಗಳನ್ನು ಮಾರುವುದಾಗಿ ಹೇಳಿತು. ಹಲವು ಕಡೆ ಕಷ್ಟ ಒಂದೇ ಬಗೆಯದು: ಹಳೆಯ ಕಟ್ಟಡಕ್ಕೆ ರಿಪೇರಿ ಖರ್ಚು ಹೆಚ್ಚು, ಮಂಚದ ಬಾಡಿಗೆ ಕಡಿಮೆ.

ಜರ್ಮನಿಯಲ್ಲಿ ಮಾತ್ರ ಈಗಲೂ ಸುಮಾರು ನಾನೂರು ಉಳಿದಿವೆ. ಕಾರಣ ಆ ಮೇಷ್ಟ್ರೇ ಅನ್ನಬೇಕು. ಅಲ್ಲಿ ಶಾಲೆಯ ತರಗತಿಗೆ ತರಗತಿಯೇ ಪ್ರವಾಸ ಹೊರಟು ಯೂತ್ ಹಾಸ್ಟೆಲಿನಲ್ಲಿ ತಂಗುವ ಪದ್ಧತಿ ಇನ್ನೂ ಗಟ್ಟಿ. ಮಾಸ್ಟರ್ಸ್ ಓದಲು ಹೋಗುವ ನಮ್ಮ ಹುಡುಗರು ಗಮನಿಸಿ: ಅಗ್ಗ, ಚೊಕ್ಕಟ, ಬೆಳಗಿನ ತಿಂಡಿ ಸೇರಿದೆ ಅಂತ ಬುಕ್ ಮಾಡಿದ ಜಾಗದಲ್ಲಿ ಮೂವತ್ತು ಜನ ಏಳನೇ ಕ್ಲಾಸಿನವರು ಕಾರಿಡಾರಿನಲ್ಲಿ ಓಡಾಡುತ್ತಿರುತ್ತಾರೆ. ದೂರು ಕೊಟ್ಟು ಪ್ರಯೋಜನವಿಲ್ಲ, ಅದು ಅವರಿಗೇ ಕಟ್ಟಿದ್ದು.

ನಮ್ಮ ಕಡೆಯ ಯೂತ್ ಹಾಸ್ಟೆಲ್

ಭಾರತದಲ್ಲಿ ಈ ಚಳವಳಿಯ ಬೀಜ ಬಿದ್ದದ್ದು 1940ರ ದಶಕದಲ್ಲಿ. ಮೊದಮೊದಲು ಮೊಳಕೆಯೊಡೆದ ಜಾಗಗಳಲ್ಲಿ ಶಿಮ್ಲಾ ಬಳಿಯ ತಾರಾದೇವಿಯ ಜೊತೆಗೆ ನಮ್ಮ ಮೈಸೂರೂ ಒಂದು. ಈಗ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಆಫ್ ಇಂಡಿಯಾದ ಕೇಂದ್ರ ದೆಹಲಿಯ ಚಾಣಕ್ಯಪುರಿಯಲ್ಲಿದೆ. ಬಾಯಿಮಾತಿನಲ್ಲಿ ವೈಎಚ್‌ಎಐ. ಇದರ ಜೊತೆ ಕೇಂದ್ರದ ಯುವಜನ ಇಲಾಖೆಯೂ ದೇಶದ ಅಲ್ಲಲ್ಲಿ ಯೂತ್ ಹಾಸ್ಟೆಲ್ ಕಟ್ಟಿಸಿದೆ. ಜಾಗ, ನೀರು, ಕರೆಂಟು ರಾಜ್ಯದ್ದು, ಕಟ್ಟಡದ ಖರ್ಚು ಕೇಂದ್ರದ್ದು. ಮೈಸೂರಿನಲ್ಲಿರುವುದು ಇಂಥದ್ದೇ. ಎರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ, ಅಲ್ಲ. ವೈಎಚ್‌ಎಐ ಸದಸ್ಯರ ಸಂಘ, ಇನ್ನೊಂದು ಸರ್ಕಾರದ ಕಟ್ಟಡ.

ಸರ್ಕಾರದ್ದರಲ್ಲಿ ಏನು ನಿರೀಕ್ಷಿಸಬೇಕು? ಅಗಲವಾದ ಕಾರಿಡಾರು, ಕಬ್ಬಿಣದ ಮಂಚ, ದೊಡ್ಡ ಅಂಗಳ, ಎನ್‌ಸಿಸಿ ಕ್ಯಾಂಪಿಗೋ ಖೋ ಖೋ ಟೂರ್ನಮೆಂಟಿಗೋ ಬಂದ ಹುಡುಗರ ಒದ್ದೆ ಬಟ್ಟೆಯ ಸಾಲು. ಬಿಸಿನೀರು ಇಂಥ ಹೊತ್ತಿಗೆ ಅಂತ ಬರೆದಿರುತ್ತದೆ, ಆ ಹೊತ್ತಿಗೇ ಹೋಗಬೇಕು. ಒಮ್ಮೆ ಇಂಥ ಒಂದು ಹಾಸ್ಟೆಲಿಗೆ (ಯಾವ ಊರು ಅಂತ ಬೇಡ) ಫೋನು ಮಾಡಿ ಒಂದು ವಾರ ಯಾರೂ ಎತ್ತದೆ, ಕೊನೆಗೆ ನೇರ ಹೋದರೆ ಕೇರ್‌ಟೇಕರ್ ಅಂಗಳದಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರು. "ಬನ್ನಿ ಸಾರ್, ನಲವತ್ತು ಮಂಚ ಖಾಲಿ ಇದೆ" ಅಂದರು. ಆನ್‌ಲೈನಿನಲ್ಲಿ ಭರ್ತಿ ಅಂತ ತೋರಿಸುತ್ತಿತ್ತು. ನಲವತ್ತು ಮಂಚದ ಹಾಲಿನಲ್ಲಿ ಒಬ್ಬನೇ ಮಲಗಿದ್ದೆ, ಫ್ಯಾನುಗಳೆಲ್ಲ ಒಂದೇ ಸ್ವಿಚ್ಚಿಗೆ.

ಶಾಲಾ ಮಕ್ಕಳ ತಂಡ, ಮದುವೆಗೆ ಬಂದ ಇಪ್ಪತ್ತು ಜನ ಗೆಳೆಯರು, ಸೈಕಲ್ ಕ್ಲಬ್ಬು: ಇವರಿಗೆ ಇದಕ್ಕಿಂತ ಒಳ್ಳೆಯ ವ್ಯವಹಾರ ಇನ್ನೊಂದಿಲ್ಲ. ಒಂಟಿಯಾಗಿ ಹೋಗಿ ಯಾರಾದರೂ ಪರಿಚಯವಾಗಲಿ ಅಂತ ಕಾಯುವವರಿಗೆ ಅಲ್ಲ.

ವೈಎಚ್‌ಎಐಯ ನಿಜವಾದ ಜೀವ ಕಟ್ಟಡಗಳಲ್ಲಿಲ್ಲ, ಕ್ಯಾಂಪುಗಳಲ್ಲಿದೆ. ಬೇಸಿಗೆಯಲ್ಲಿ ಹಿಮಾಚಲದ ಕುಲ್ಲು ಕಡೆಯ ಸರ್ ಪಾಸ್, ಚಂದ್ರಖಣಿ ಎಂಬ ಬೆಟ್ಟದ ದಾರಿಗಳ ಚಾರಣ, ಚಳಿಗಾಲದಲ್ಲಿ ಗೋವಾ. ಕರ್ನಾಟಕದಿಂದ ಪ್ರತಿ ವರ್ಷ ಹೋಗುವವರ ಸಾಲೇ ಇದೆ. ಬ್ಯಾಂಕಿನವರು, ಮೇಷ್ಟ್ರುಗಳು, ಇಂಜಿನಿಯರಿಂಗ್ ಹುಡುಗರು, ನಿವೃತ್ತರು. ಸರ್ ಪಾಸ್ ಸುಮಾರು 13,800 ಅಡಿ. ಕಸೋಲಿನ ಬೇಸ್ ಕ್ಯಾಂಪಿನಲ್ಲಿ ಬೆಳಿಗ್ಗೆ ಸೀಟಿ, ಚಹಾ, ವ್ಯಾಯಾಮ, ಸಾಲಿನಲ್ಲಿ ನಿಂತು ತಿಂಡಿ. ತಟ್ಟೆ ಲೋಟ ನಿಮ್ಮದೇ, ತೊಳೆಯುವುದೂ ನೀವೇ, ತಣ್ಣೀರಿಗೆ ಬೆರಳು ಮರಗಟ್ಟುತ್ತದೆ. ಮಧ್ಯಾಹ್ನದ ಊಟ ಟಿಫಿನ್ ಬಾಕ್ಸಿನಲ್ಲಿ ಕಟ್ಟಿಸಿಕೊಂಡು ಹೊರಡಬೇಕು. ಹೆಂಗಸರಿಗೂ ಗಂಡಸರಿಗೂ ಬೇರೆ ಟೆಂಟು. ಕುಡಿತ, ಸಿಗರೇಟು ಕಂಡರೆ ಮನೆಗೆ ಕಳಿಸುತ್ತಾರೆ.

ರಾತ್ರಿ "ಕ್ಯಾಂಪ್ ಫೈರ್" ಅನ್ನುತ್ತಾರೆ, ನೋಡಿದರೆ ಬೆಂಕಿಯೇ ಇಲ್ಲ. ಕಾಡಿನ ಸೌದೆ ಸುಡಬಾರದು ಅಂತ ನಾಲ್ಕು ಕೊಂಬೆ ಜೋಡಿಸಿ ನಡುವೆ ಒಂದು ಬಲ್ಬು ಹಚ್ಚಿಡುತ್ತಾರೆ. ಮೊದಲ ಸಲ ನೋಡಿದಾಗ ನಗು ಬಂದಿತ್ತು. ಆ ಬಲ್ಬಿನ ಸುತ್ತ ಐವತ್ತು ಜನ ಕೂತು, ಗುಜರಾತಿನವರು ಗರ್ಬಾ ಕುಣಿದು, ಬಂಗಾಳಿಯೊಬ್ಬರು ಹಾಡಿ, ನಮ್ಮವರು "ಕನ್ನಡದಲ್ಲಿ ಒಂದು ಆಗಲಿ" ಅಂತ ಒಬ್ಬರನ್ನೊಬ್ಬರು ತಳ್ಳಿಕೊಂಡು ಕೊನೆಗೆ ಜಾನಪದ ಹಾಡೊಂದರ ಪಲ್ಲವಿಯನ್ನೇ ಆರು ಸಲ ಹಾಡಿದೆವು. ಎರಡನೇ ಚರಣ ಯಾರಿಗೂ ಬರುತ್ತಿರಲಿಲ್ಲ. ಆಮೇಲೆ ಬಿಸಿ ಹಾಲು ಕುಡಿದು ಮಲಗುವುದು. 1909ರ ಹುಡುಗರೂ ಹಾಲು ಕುಡಿದೇ ಮಲಗಿದ್ದು ಅಂತ ಆ ರಾತ್ರಿ ನೆನಪಾಗಿತ್ತು.

ಗೋಡೆಗೆ ಬಣ್ಣ ಬಳಿದವರು

ನನ್ನ ಸೊಸೆ ಬುಕ್ ಮಾಡಿದ್ದು ಇದಲ್ಲ, ಖಾಸಗಿ ಬ್ಯಾಕ್‌ಪ್ಯಾಕರ್ ಹಾಸ್ಟೆಲ್. ಭಾರತದಲ್ಲಿ ಇವು ಚೈನ್‌ಗಳಾಗಿ ಬೆಳೆದದ್ದು ಈಚಿನ ಹತ್ತು ಹನ್ನೆರಡು ವರ್ಷಗಳಲ್ಲಿ. ಝಾಸ್ಟೆಲ್ 2013ರಲ್ಲಿ ರಾಜಸ್ಥಾನದಲ್ಲಿ ಶುರುವಾಯಿತು, ಅದರ ಬೆನ್ನಿಗೆ ಇನ್ನೂ ಹಲವರು. ಅದಕ್ಕೂ ಮುಂಚೆ ನಮ್ಮಲ್ಲಿ ಚೀಲ ಹೊತ್ತವರ ಜಾಗ ಅಂದರೆ ಗೋಕರ್ಣದ ಓಂ ಬೀಚಿನ ಗುಡಿಸಲುಗಳು, ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆ. ಹೊಳೆ ದಾಟಿದರೆ ಭತ್ತದ ಗದ್ದೆ, ಜೋಕಾಲಿ ಹಾಸಿಗೆ, ಇಸ್ರೇಲಿ ತಿಂಡಿಯ ಮೆನು. ಗಡ್ಡೆಯಲ್ಲಿದ್ದವು ಸಂರಕ್ಷಿತ ಪ್ರದೇಶದ ಅಕ್ರಮ ಕಟ್ಟಡಗಳೆಂದು ಸುಪ್ರೀಂ ಕೋರ್ಟು ಎತ್ತಿಹಿಡಿದ ಮೇಲೆ 2020ರ ಮಾರ್ಚಿನಲ್ಲಿ ಕೆಡವಿದರು. ಈಗ ಹಂಪಿಗೆ ಹೋಗುವ ಒಂಟಿ ಪ್ರಯಾಣಿಕರು ಸುತ್ತಲಿನ ಊರುಗಳ ಹಾಸ್ಟೆಲ್, ಹೋಮ್‌ಸ್ಟೇಗಳಲ್ಲಿ ಹಂಚಿಹೋಗಿದ್ದಾರೆ. ಹಳೆಯ ಬ್ಲಾಗ್ ಓದಿ "ಗಡ್ಡೆಯಲ್ಲಿ ಉಳಿಯೋಣ" ಅಂತ ಹೊರಡಬೇಡಿ.

ಖಾಸಗಿ ಹಾಸ್ಟೆಲನ್ನು ಕಟ್ಟಿದ್ದು ಒಬ್ಬಂಟಿಗೆ. ಇದನ್ನು ಮಂಚ ನೋಡಿದರೇ ಹೇಳಬಹುದು. ಪ್ರತಿ ಮಂಚಕ್ಕೆ ಒಂದು ಪರದೆ, ತಲೆಯ ಬಳಿ ಪುಟ್ಟ ದೀಪ, ಚಾರ್ಜಿಂಗ್ ಪಾಯಿಂಟು, ಕನ್ನಡಕ ಇಡಲು ಅಂಗೈಯಗಲದ ಹಲಗೆ, ಕೆಳಗೆ ಬೀಗ ಹಾಕುವ ಪೆಟ್ಟಿಗೆ. ಪರದೆ ಎಳೆದರೆ ಮನೆ, ತೆರೆದರೆ ಸಂತೆ. ಸರ್ಕಾರಿ ಯೂತ್ ಹಾಸ್ಟೆಲಿನ ಕಬ್ಬಿಣದ ಮಂಚದಲ್ಲಿ ಇದ್ಯಾವುದೂ ಇಲ್ಲ, ಯಾಕೆಂದರೆ ಅಲ್ಲಿ ಪಕ್ಕದ ಮಂಚದವನು ನಿಮ್ಮ ಜೊತೆಯವನೇ ಅನ್ನುವುದು ಲೆಕ್ಕ. ಇಲ್ಲಿ ಖರ್ಚು ಮಾಡಿರುವುದು ರೂಮಿನ ಮೇಲಲ್ಲ, ಹಾಲಿನ ಮೇಲೆ: ದಿಂಬು, ಕೇರಂ ಬೋರ್ಡು, ತಂತಿ ಹರಿದ ಗಿಟಾರು, ನಾಯಿ. ಸಂಜೆ ಆ ಹಾಲಿನಲ್ಲಿ ಕೂತರೆ ನಾಳೆ ಯಾಣಕ್ಕೆ ಹೋಗಲು ನಾಲ್ಕು ಜನ ಸಿಕ್ಕೇ ಸಿಗುತ್ತಾರೆ. ರೂಮಿಗೆ ಹೋಗಿ ಮಲಗುವವರು ಅರ್ಧ ದುಡ್ಡು ದಂಡ ಮಾಡಿದಂತೆ.

ತೊಂದರೆಗಳನ್ನೂ ಹೇಳಿಬಿಡುತ್ತೇನೆ. ಹಲವು ಹಾಸ್ಟೆಲ್‌ಗಳು ಅದೇ ಊರಿನ ಗುರುತಿನ ಚೀಟಿ ಇದ್ದವರನ್ನು ಸೇರಿಸುವುದಿಲ್ಲ. ಬೆಂಗಳೂರಿನ ಆಧಾರ್ ಹಿಡಿದು ಬೆಂಗಳೂರಿನ ಹಾಸ್ಟೆಲಿಗೆ ಹೋದರೆ ರಿಸೆಪ್ಷನ್ನಿನಲ್ಲೇ ವಾಪಸ್ಸು. 18 ತುಂಬದ ಮಕ್ಕಳಿಗೆ ಡಾರ್ಮಿಟರಿ ಸಾಮಾನ್ಯವಾಗಿ ಇಲ್ಲ. ಕೆಲವೆಡೆ ವಯಸ್ಸಿನ ಮೇಲ್ಮಿತಿಯೂ ಇದೆ. ತಮಾಷೆ ನೋಡಿ: "ಯೂತ್" ಅಂತ ಹೆಸರಿಟ್ಟುಕೊಂಡ ಹಳೆಯ ಸಂಘದ ಕ್ಯಾಂಪಿನಲ್ಲಿ ಅರವತ್ತರ ಅಜ್ಜಂದಿರು ಬೆಟ್ಟ ಹತ್ತುತ್ತಾರೆ, ಹೆಸರಿನಲ್ಲಿ ಆ ಮಾತೇ ಇಲ್ಲದ ಹೊಸ ಹಾಸ್ಟೆಲಿನವರು ಹುಟ್ಟಿದ ವರ್ಷ ಕೇಳುತ್ತಾರೆ. ಹಳೆಯವರೂ ಈ ವಿಷಯದಲ್ಲಿ ಪೂರ್ತಿ ಸಾಚಾ ಅಲ್ಲ ಅನ್ನಿ, ಜರ್ಮನಿಯ ಬವೇರಿಯಾದಲ್ಲಿ 26 ದಾಟಿದ ಒಂಟಿ ಪ್ರಯಾಣಿಕರಿಗೆ ಬಹುಕಾಲ ಜಾಗ ಕೊಡುತ್ತಿರಲಿಲ್ಲ.

ಕೋವಿಡ್ ಆದ ಮೇಲೆ ಲ್ಯಾಪ್‌ಟಾಪಿನವರು ಬಂದಿದ್ದಾರೆ. ಹಾಸ್ಟೆಲಿನ ಹಾಲಿನಲ್ಲಿ ಹಗಲು ಆಫೀಸು, ಸಂಜೆ ಸಮುದ್ರ. ವಾರಗಟ್ಟಲೆ ಇರುತ್ತಾರೆ. ನನಗಿದು ಅಷ್ಟಾಗಿ ಹಿಡಿಸುವುದಿಲ್ಲ. ಹಾಲಿನಲ್ಲಿ ನಾಲ್ಕು ಜನ ಕಿವಿಗೆ ಹೆಡ್‌ಫೋನ್ ಹಾಕಿ ಮೀಟಿಂಗಿನಲ್ಲಿ ಕೂತರೆ ಹೊಸದಾಗಿ ಬಂದವನು ಯಾರ ಹತ್ತಿರ ಮಾತಾಡಬೇಕು? ನೀವೇ ಆ ಕೆಲಸಕ್ಕೆ ಹೋಗುವುದಾದರೆ ವೈಫೈ ಇದೆಯಾ ಅಂತ ಕೇಳಬೇಡಿ, ಎಲ್ಲರೂ ಇದೆ ಅನ್ನುತ್ತಾರೆ. ಕರೆಂಟು ಹೋದರೆ ವೈಫೈ ಇರುತ್ತದಾ ಅಂತ ಕೇಳಿ. ಮಲೆನಾಡಿನ ಮಳೆಗಾಲದಲ್ಲಿ ಪ್ರಶ್ನೆ ಅದೊಂದೇ.

ಹೋಮ್‌ಸ್ಟೇ, ಲಾಡ್ಜು, ಛತ್ರ

ಹೋಮ್‌ಸ್ಟೇ ಬಗ್ಗೆ ಕನ್ನಡಿಗರಿಗೆ ನಾನು ಹೇಳಬೇಕಾದ್ದು ಕಡಿಮೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದಲ್ಲಿ ತಲೆಗೆ ಇಷ್ಟು ಅಂತ, ಊಟ ತಿಂಡಿ ಸೇರಿಸಿ ತೆಗೆದುಕೊಳ್ಳುತ್ತಾರೆ. ಊಟವೇ ಅಲ್ಲಿನ ಬಂಡವಾಳ. ಅಕ್ಕಿರೊಟ್ಟಿ, ಕಡುಬು, ಕೊಡಗಿನಲ್ಲಾದರೆ ಪಂದಿ ಕರಿ. ಮನೆಯವರು ಆ ಮನೆಯಲ್ಲೇ ಇರುತ್ತಾರಾ ಅಂತ ಕೇಳಿ. ಮ್ಯಾನೇಜರ್ ಇಟ್ಟು ತಾವು ಬೆಂಗಳೂರಿನಲ್ಲಿ ಇರುವವರದ್ದು ಹೋಮ್‌ಸ್ಟೇ ಅಲ್ಲ, ತೋಟದ ನಡುವಿನ ಲಾಡ್ಜು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ ಅನ್ನುವುದನ್ನೂ ನೋಡಿ.

ಲಾಡ್ಜನ್ನು ಹೀಗಳೆಯಬೇಡಿ. ಲೆಕ್ಕ ಹಾಕಿ: ಹಾಸ್ಟೆಲಿನಲ್ಲಿ ಮಂಚಕ್ಕೆ 700 ರೂಪಾಯಿ, ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜಿನಲ್ಲಿ ರೂಮಿಗೆ 1,400 ಅಂದುಕೊಳ್ಳಿ. ಒಬ್ಬರಾದರೆ ಹಾಸ್ಟೆಲ್ ಅಗ್ಗ, ಇಬ್ಬರಾದರೆ ಸಮ, ಮೂವರಾದರೆ ಎಕ್ಸ್‌ಟ್ರಾ ಬೆಡ್ ಹಾಕಿಸಿಕೊಂಡರೂ ಲಾಡ್ಜೇ ಅಗ್ಗ. ನಾಲ್ಕು ಜನ ಗೆಳೆಯರು ದುಡ್ಡು ಉಳಿಸಲು ಹಾಸ್ಟೆಲಿಗೆ ಹೋಗುವುದು ನನಗೆ ಇವತ್ತಿಗೂ ಅರ್ಥವಾಗದ ವ್ಯವಹಾರ. ನಾಲ್ವರೂ ತಮ್ಮತಮ್ಮಲ್ಲೇ ಮಾತಾಡಿಕೊಂಡು ಮಲಗುತ್ತಾರೆ, ಉಳಿದ ಮಂಚದವರ ನಿದ್ದೆ ಕೆಡಿಸುತ್ತಾರೆ.

ಛತ್ರ ನಮ್ಮ ಹಳೆಯ ಹಾಸ್ಟೆಲ್. ಬೆಂಗಳೂರು ರೈಲ್ವೆ ಸ್ಟೇಷನ್ನಿನ ಹತ್ತಿರದ ಗುಬ್ಬಿ ತೋಟದಪ್ಪನವರ ಛತ್ರ ನೋಡಿ. ವ್ಯಾಪಾರದಲ್ಲಿ ದುಡಿದದ್ದನ್ನು ಊರಿಂದ ಬರುವವರಿಗೆ ನೆರಳು ಮಾಡಲು, ಬಡ ವಿದ್ಯಾರ್ಥಿಗಳಿಗೆ ಅನ್ನ ಹಾಕಲು ಕೊಟ್ಟರು. ತಂಗುವವನೂ ಓದುವವನೂ ಒಂದೇ ದಾನದ ನೆರಳಿನಲ್ಲಿದ್ದರು, ಹಾಸ್ಟೆಲ್ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥ ಬಂದದ್ದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ. ಆದರೆ ಛತ್ರ ಕಟ್ಟಿದವರ ಮನಸ್ಸಿನಲ್ಲಿ ಇದ್ದವರು ಸಂಸಾರ ಸಮೇತ ಬರುವ ಯಾತ್ರಿಕರು. ಈಗಲೂ ಹಲವು ಕ್ಷೇತ್ರಗಳಲ್ಲಿ ಒಬ್ಬರೇ ಹೋಗಿ ರೂಮು ಕೇಳಿದರೆ "ಜೊತೆಗೆ ಯಾರೂ ಇಲ್ವಾ?" ಅನ್ನುತ್ತಾರೆ, ರೂಮು ಸಿಗುವುದಿಲ್ಲ. ಕುಟುಂಬಕ್ಕೆ ಮಾತ್ರ ಇಷ್ಟು ಕಡಿಮೆಗೆ ಇಷ್ಟು ಚೊಕ್ಕ ಜಾಗ ಬೇರೆಲ್ಲೂ ಇಲ್ಲ, ಊಟ ದೇವಸ್ಥಾನದಲ್ಲೇ ಆಗುತ್ತದೆ. ರೈಲಿನಲ್ಲಿ ಹೋಗುವ ಒಂಟಿ ಜನ ಸ್ಟೇಷನ್ನಿನ ರಿಟೈರಿಂಗ್ ರೂಮಿನ ಡಾರ್ಮಿಟರಿಯನ್ನು ಮರೆಯಬಾರದು. ಟಿಕೆಟ್ಟಿನ ಪಿಎನ್‌ಆರ್ ಇದ್ದರೆ ಆನ್‌ಲೈನಿನಲ್ಲೇ ಮಂಚ ಹಿಡಿಯಬಹುದು.

ಕೇಳಿದವರಿಗೆ ನಾನು ಹೇಳಿದ್ದು

ಸೊಸೆಗೆ: ಗೋಕರ್ಣಕ್ಕೆ ಒಬ್ಬಳೇ ಹೋಗುವುದಾದರೆ ಖಾಸಗಿ ಹಾಸ್ಟೆಲೇ ಸರಿ. ಹೆಂಗಸರ ಡಾರ್ಮ್ ಇರುವುದನ್ನು ಹಿಡಿ. ರೇಟಿಂಗ್ ನಂಬಬೇಡ, ಎಲ್ಲರಿಗೂ ನಾಲ್ಕೂವರೆ ಚುಕ್ಕಿ ಇರುತ್ತದೆ. ಒಂಟಿಯಾಗಿ ಹೋದ ಹುಡುಗಿಯರು ಈಚಿನ ಮೂರು ತಿಂಗಳಲ್ಲಿ ಏನು ಬರೆದಿದ್ದಾರೆ ಅಷ್ಟನ್ನು ಓದು. ರಾತ್ರಿ ಬಸ್ಸು ಇಳಿಯುವ ಜಾಗದಿಂದ ಹಾಸ್ಟೆಲಿಗೆ ಹೇಗೆ ಹೋಗುವುದು ಅಂತ ಮೊದಲೇ ಫೋನಿನಲ್ಲಿ ಕೇಳು. ಬೀಚಿನ ಮೇಲಿನ ಗುಡ್ಡದಲ್ಲಿರುವ ಜಾಗದ ಫೋಟೋ ಎಷ್ಟು ಚೆನ್ನಾಗಿರುತ್ತದೋ ರಾತ್ರಿ ಹನ್ನೊಂದಕ್ಕೆ ಆಟೋ ಸಿಗುವುದು ಅಷ್ಟೇ ಕಷ್ಟ. ಬೀಗ, ಟವೆಲ್, ಇಯರ್‌ಪ್ಲಗ್ ಮನೆಯಿಂದಲೇ ತೆಗೆದುಕೊಂಡು ಹೋಗು. ಕೆಳಗಿನ ಮಂಚ ಕೇಳು.

ಪಕ್ಕದ ಮನೆಯ ಹುಡುಗ ಯೂರೋಪು ಸುತ್ತಲು ಹೊರಟಿದ್ದ, ಶುದ್ಧ ಸಸ್ಯಾಹಾರಿ. ಅವನಿಗೆ ಹೇಳಿದ್ದು ಅಡುಗೆಮನೆಯ ಮಾತು. ಇಂಗ್ಲೆಂಡ್, ಸ್ವೀಡನ್ ಕಡೆಯ ಯೂತ್ ಹಾಸ್ಟೆಲ್‌ಗಳಲ್ಲಿ ನಾವೇ ಬೇಯಿಸಿಕೊಳ್ಳುವ ಅಡುಗೆಮನೆ ಸಾಮಾನ್ಯ. ಫ್ರಿಜ್ಜಿನಲ್ಲಿ ಹೆಸರು, ಹೊರಡುವ ತಾರೀಖು ಬರೆದು ಡಬ್ಬಿ ಇಡಬೇಕು. ಹೊರಟವರು ಬಿಟ್ಟುಹೋದ ಪಾಸ್ತಾ, ಉಪ್ಪು, ಎಣ್ಣೆ ಒಂದು ಶೆಲ್ಫಿನಲ್ಲಿರುತ್ತದೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಜರ್ಮನಿಯ ಯೂತ್ ಹಾಸ್ಟೆಲ್‌ಗಳಲ್ಲಿ ಊಟವನ್ನು ಅವರೇ ಬಡಿಸುತ್ತಾರೆ, ಹಲವೆಡೆ ಅತಿಥಿಗಳಿಗೆ ಒಲೆ ಇರುವುದಿಲ್ಲ. ಅವಲಕ್ಕಿ, ಉಪ್ಪಿಟ್ಟಿನ ರೆಡಿ ಮಿಕ್ಸ್ ಹೊತ್ತುಕೊಂಡು ಹೋದವರು ಅಲ್ಲಿ ಖಾಸಗಿ ಹಾಸ್ಟೆಲ್ ನೋಡಿಕೊಳ್ಳುವುದು ಮೇಲು. ಜರ್ಮನಿಯಲ್ಲಿ ಸದಸ್ಯತ್ವದ ಕಾರ್ಡು ಬೇಕು, ವೈಎಚ್‌ಎಐ ಕಾರ್ಡು ಅಲ್ಲಿ ನಡೆಯುತ್ತದೆ. ಇಂಗ್ಲೆಂಡಿನಲ್ಲಿ ಕಾರ್ಡು ಇಲ್ಲದಿದ್ದರೂ ಜಾಗ ಕೊಡುತ್ತಾರೆ, ಇದ್ದರೆ ರಿಯಾಯಿತಿ. ಸ್ವೀಡನ್ನಿನಲ್ಲಿ ಹಾಸಿಗೆಯ ಬಟ್ಟೆಗೆ ಬೇರೆ ದುಡ್ಡು, ಹೊರಡುವಾಗ ಕೋಣೆ ನೀವೇ ಗುಡಿಸಬೇಕು, ಗುಡಿಸದಿದ್ದರೆ ಅದಕ್ಕೂ ದುಡ್ಡು. ಆ ಹಳೆಯ ಪೊರಕೆ ಅಲ್ಲಿ ಇನ್ನೂ ಬದುಕಿದೆ. ಸ್ಟಾಕ್‌ಹೋಮಿನಲ್ಲಿ ಒಂದು ರಾತ್ರಿಯಾದರೂ ಆಫ್ ಚಾಪ್‌ಮನ್‌ನಲ್ಲಿ ಮಲಗು ಅಂದೆ. ಅದು 1888ರ ಹಾಯಿಹಡಗು, 1949ರಿಂದ ಹಾಸ್ಟೆಲ್.

ತಂಗಿಯ ಮಕ್ಕಳ ಶಾಲೆಯ ಹೆಡ್‌ಮಿಸ್ಸು ಅರವತ್ತು ಮಕ್ಕಳನ್ನು ಮೈಸೂರಿಗೆ ಕರೆದುಕೊಂಡು ಹೋಗಬೇಕು ಅಂದಾಗ ಯೋಚನೆಯೇ ಬೇಕಾಗಲಿಲ್ಲ, ಯೂತ್ ಹಾಸ್ಟೆಲ್ ಅಂದೆ. ಮೊದಲೇ ಪತ್ರ ಬರೆಯಿರಿ, ಒಮ್ಮೆ ಯಾರಾದರೂ ಹೋಗಿ ಬಚ್ಚಲು ನೋಡಿಕೊಂಡು ಬನ್ನಿ ಅಂತ ಸೇರಿಸಿದೆ.

ಅಕ್ಕ ಮಾತ್ರ ಏನೂ ಕೇಳಿರಲಿಲ್ಲ. ಮಗಳು ಗೋಕರ್ಣದಿಂದ ಬಂದು ಎರಡು ವಾರ ಕಳೆದ ಮೇಲೆ ರಾತ್ರಿ ಒಂಬತ್ತಕ್ಕೆ ಫೋನು ಮಾಡಿದಳು. ಮಗಳ ವಿಷಯ, ಮಳೆ ವಿಷಯ, ತೆಂಗಿನಕಾಯಿ ರೇಟು ಎಲ್ಲ ಆಯಿತು. ಆಮೇಲೆ ದನಿ ಇಳಿಸಿ ಕೇಳಿದಳು: "ಅಲ್ಲಾ ಕಣೋ, ನೀನು ಹೇಳ್ತಿದ್ಯಲ್ಲ ಹಿಮಾಲಯದ ಕ್ಯಾಂಪು, ಸಂಸಾರದವರಿಗೂ ಒಂದು ಇದೆಯಂತಲ್ಲ. ಅದಕ್ಕೆ ನಿಮ್ಮ ಭಾವನ್ನ ಒಪ್ಪಿಸಿದೀನಿ. ತಟ್ಟೆ ಲೋಟ ಸ್ಟೀಲಿಂದು ಆದ್ರೆ ನಡೆಯುತ್ತಾ?"